ನಾಲ್ಕನೆಯ ಜೋಡಿ

ನಮ್ಮ ಊರಿನ ಹಿಮ ಬೀಳುವಾಗ ಒಂದೇ ಥರ ಇರುತ್ತದೆ, ನೆಲ ಮುಟ್ಟಿದ ಮೇಲೆ ಆಯಾ ಮನೆಯವರದಾಗುತ್ತದೆ. ಮಾತು ಬಿಟ್ಟ ಗಂಡ ಹೆಂಡಿರ ಮನೆಯ ಮುಂದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಹೊಸದಾಗಿ ಮದುವೆಯಾದವರ ಮನೆಯ ಮುಂದೆ ಜರಡಿ ಹಿಡಿದ ಹಿಟ್ಟಿನಂತೆ ಮೊಣಕಾಲುದ್ದ ನಿಲ್ಲುತ್ತದೆ, ಅವರಿಗೆ ಸುಖ, ಹೋಗಿ ಬರುವವರಿಗೆ ಪೀಡೆ. ಏನನ್ನಾದರೂ ಮುಚ್ಚಿಟ್ಟುಕೊಂಡವರ ಮನೆಯ ಮುಂದೆ ಮೇಲೆ ಹಪ್ಪಳದಂಥ ಪದರ, ಕೆಳಗೆ ಪೊಳ್ಳು. ಸಂಕಟದ ಮನೆಯ ಮುಂದೆ ನೆನೆದ ಹಿಮ, ಕಾಲನ್ನು ಹಿಡಿದರೆ ಬಿಡುವುದಿಲ್ಲ. ಹೀಗೆ ಹನ್ನೊಂದು ಬಗೆ. ಹನ್ನೊಂದೂ ನನ್ನ ಪಾದಕ್ಕೆ ಗೊತ್ತು. ಇಪ್ಪತ್ತೆರಡು ಚಳಿಗಾಲದಿಂದ ನಾನು ಈ ಊರಿನ ಹಲಗೆ ಪರೀಕ್ಷೆ ಮಾಡುವವಳು.

ಹೊರಗಿನವರು ಸ್ಕೀ ಅನ್ನುವುದನ್ನು ನಾವು ಹಲಗೆ ಅನ್ನುತ್ತೇವೆ. ಕಾಲಿಗೆ ಕಟ್ಟಿಕೊಂಡು ಜಾರುವ ಮರದ ತುಂಡಿಗೆ ಅದಕ್ಕಿಂತ ದೊಡ್ಡ ಹೆಸರು ಬೇಕಾಗಿಲ್ಲ. ಊರೆಂದರೆ ಬೆಟ್ಟದ ತಲೆಯಿಂದ ಕೆಳಗಿನ ಪೇಟೆಯವರೆಗೆ ಇಳಿಯುವ ಒಂದೇ ಅಗಲವಾದ ಬೀದಿ, ಅದರ ಎರಡೂ ಬದಿಗೆ ನಲವತ್ತೆರಡು ಮನೆ. ಹತ್ತುವುದು ಹಗ್ಗದ ತೊಟ್ಟಿಲಲ್ಲಿ, ಇಳಿಯುವುದು ಹಲಗೆಯ ಮೇಲೆ. ಪೇಟೆಗೆ ಉಪ್ಪು ತರಲು ಹೊರಟವನೂ ನಲವತ್ತೆರಡು ಮನೆಯ ಗುಟ್ಟನ್ನು ಕಾಲಡಿ ಹಾಕಿಕೊಂಡೇ ಹೋಗಬೇಕು. ಆದರೆ ಯಾರ ಮನೆ ಮುಂದಿನ ಹಿಮದ ಮಾತನ್ನೂ ಅವರೆದುರಿಗೆ ಆಡಬಾರದು. ಈ ಊರಿನವರಿಗೆ ಇರುವ ನಡತೆ ಅದೊಂದೇ, ಅದೂ ತಮ್ಮ ಮನೆಯ ಮಾತು ಎಲ್ಲಿ ಬಂದೀತೋ ಎಂಬ ಹೆದರಿಕೆಯಿಂದ.

ಆಡದಿದ್ದರೇನು, ಹಾರಾಟಕ್ಕೆ ಕಡಿಮೆಯಿಲ್ಲ. ಕಳೆದ ವರ್ಷ ವಿರೂಪಣ್ಣ ಮಗಳನ್ನು ನೋಡಲು ಬರುವವರಿಗಾಗಿ ಎದುರುಮನೆಯ ಹೊಸ ದಂಪತಿಗಳ ಹಿಮವನ್ನು ಇಪ್ಪತ್ತು ಚೀಲ ತುಂಬಿಸಿ ತನ್ನ ಮನೆಯ ಮುಂದೆ ಸುರಿಸಿದ. ಬೀಗರಾಗಬೇಕಾದವರು ಬಂದರು, ಕೋಲಿನಿಂದ ಚುಚ್ಚಿ ನೋಡಿದರು, ಮೆಚ್ಚಿದರು, ಒಳಗೆ ಹೋಗಿ ಉಪ್ಪಿಟ್ಟು ತಿಂದರು. ಅವರು ಕೈ ತೊಳೆಯುವಷ್ಟರಲ್ಲಿ ಅದು ಆ ಮನೆಯ ಹಿಮವಾಗಿ ಗಾಜಿನಂತೆ ಹೊಳೆಯುತ್ತಿತ್ತು. ಹೊರಡುವಾಗ ಗಂಡಿನ ಸೋದರಮಾವ ಹೊಸ್ತಿಲಲ್ಲೇ ಸೊಂಟ ಮುರಿದುಕೊಂಡ. ನಾನು ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥವರ ನಡುವೆ ಬದುಕುವವರಿಗೆ ಬೇರೆ ಏನು ಸುಖವಿದೆ.

ಹನ್ನೊಂದು ಬಗೆಗೂ ಒಂದೇ ಹಲಗೆ ನಡೆಯುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರ ಹತ್ತಿರ ಮೂರು ಜೋಡಿ: ಗಾಜಿಗೆ ಕಬ್ಬಿಣದ ಅಂಚಿನ ಸಣ್ಣ ಹಲಗೆ, ಹಿಟ್ಟಿಗೆ ಅಗಲ ಮೂತಿಯದು, ಒದ್ದೆಗೆ ಮೇಣ ಬಳಿದದ್ದು. ಹಿಮ ಬದಲಾದಲ್ಲೆಲ್ಲ ಒಂದು ಕಲ್ಲು ಹಾಕಿದೆ. ಅದರ ಮೇಲೆ ಕುಳಿತು ಹಲಗೆ ಬದಲಿಸಬೇಕು, ಬದಲಿಸುತ್ತ ಎದುರಿನ ಮನೆಯವರಿಗೆ ಊಟವಾಯಿತೇ ಎಂದು ಕೇಳಬೇಕು. ಹೊಸದಾಗಿ ಮಾಡಿದ ಹಲಗೆ ಯಾವುದಾದರೂ ಮೊದಲು ನನ್ನ ಕಾಲಿಗೆ ಬರುತ್ತದೆ. ಒಪ್ಪಿಗೆಯಾದರೆ ಅದರ ಮೂತಿಗೆ ನಮ್ಮ ಅವ್ವನ ಕಾಲದ ಮುದ್ರೆಯನ್ನು ಕಾಯಿಸಿ ಒತ್ತುತ್ತೇನೆ. ಒಪ್ಪಿಗೆಯಾಗದಿದ್ದರೆ ಅಲ್ಲೇ ಕೊಡಲಿಯಿಂದ ಸೀಳಿ ಒಲೆಗೆ. ಮಾಡಿದವರು ಆ ಮಾದರಿಯನ್ನು ಮತ್ತೆ ಮಾಡುವಂತಿಲ್ಲ.

ಮೂರು ಜೋಡಿ ಅಂದೆ. ಆದರೆ ಈ ಜನ ಬೆನ್ನಿಗೆ ನಾಲ್ಕನೆಯದೊಂದನ್ನು ಕಟ್ಟಿಕೊಂಡು ತಿರುಗುತ್ತಾರೆ. ಮೊಂಡು ಮೂತಿಯ ಭಾರದ ಹಲಗೆ, ಹೊಟ್ಟೆಗೆ ಸಾಲಾಗಿ ಮೊಳೆ. ಯಾವ ಹಿಮಕ್ಕೂ ಬೇಡದ ವಸ್ತು. ಅದನ್ನು ಪರೀಕ್ಷೆಗೆ ಯಾರೂ ತರಲಿಲ್ಲ, ಯಾತಕ್ಕೆಂದು ಕೇಳಿದರೆ ಕೆಮ್ಮುತ್ತಾರೆ. ಒಬ್ಬ ಹೊತ್ತನೆಂದು ಇನ್ನೊಬ್ಬ ಹೊತ್ತಿರಬೇಕು, ಕುರಿಗಳಿಗೆ ಕಾರಣ ಬೇಕೇ ಎಂದು ನಾನು ಎಷ್ಟೋ ಸಲ ಅವರ ಮುಖದ ಮೇಲೆಯೇ ಹೇಳಿದ್ದೇನೆ.

ನನ್ನ ಮನೆ ಕಟ್ಟಕಡೆಯದು, ಪೇಟೆಗೆ ಹೋಗುವ ಬಾಯಿಯಲ್ಲಿದೆ. ಪರೀಕ್ಷೆ ಮಾಡುವವರ ಮನೆ ಮುಂದೆ ಪರೀಕ್ಷೆಯಿಲ್ಲ ಎಂಬುದು ನಮ್ಮ ಅಜ್ಜಿಯ ಕಾಲದ ಕಟ್ಟಳೆ. ಮನೆಗಿಂತ ಮೇಲಿನ ತಿರುವಿನಲ್ಲಿ ಹಲಗೆ ಬಿಚ್ಚಿ, ಬದಿಗೆ ಕಡಿದಿರುವ ಮೆಟ್ಟಿಲಿಳಿದು ಹಿತ್ತಿಲ ಬಾಗಿಲಿಂದ ಒಳಗೆ ಹೋಗುತ್ತೇನೆ. ಪೇಟೆಗೂ ಮನೆಯೊಳಗಿಂದಲೇ, ಕೆಳಬದಿಯ ಬಾಗಿಲಿನಿಂದ ನನಗೊಂದು ದಾರಿ. ಮುಂಬಾಗಿಲ ಕಿಟಕಿಯಿಂದ ನೋಡಿದರೆ, ಮೇಲೆ ಗಾಳಿಯ ಹಾಗೆ ಬಂದವರೂ ನನ್ನ ಮನೆ ಬರುತ್ತಲೇ ನಿಧಾನವಾಗುತ್ತಾರೆ, ತಲೆ ತಗ್ಗಿಸುತ್ತಾರೆ, ಒಂದೊಂದೇ ಹೆಜ್ಜೆಯಿಡುತ್ತಾರೆ. ಮುದ್ರೆಗೆ ಇಷ್ಟಾದರೂ ಮರ್ಯಾದೆ ಉಳಿದಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಹೋದ ಚಳಿಗಾಲದಲ್ಲಿ ಒಂದು ಸಂಜೆ ಯಾರೋ ಅಲ್ಲೇ ಬಿದ್ದು ನರಳಿದ್ದು ಕೇಳಿಸಿತ್ತು. ಕುಡಿದವನಿರಬೇಕೆಂದು ಕಿಟಕಿ ಹಾಕಿಕೊಂಡೆ.

ಈ ವರ್ಷ ಮೊದಲ ಹಿಮ ನಿಂತ ವಾರಕ್ಕೆ ವ್ಯಾಪಾರಿ ದುಂಡಪ್ಪ ಒಂದು ಜೋಡಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು, ಬೆಟ್ಟದ ತಲೆಯಲ್ಲಿ ತೊಟ್ಟಿಲು ನಿಲ್ಲುವ ತೊಟ್ಟಿಲಗಟ್ಟೆಗೆ ಬಂದ. ಈ ಮನುಷ್ಯ ಜನ್ಮದಲ್ಲಿ ಒಂದು ಗೂಟ ಕೆತ್ತಿದವನಲ್ಲ, ಆದರೆ ಊರಿನವರು ಕೆತ್ತಿದ್ದನ್ನೆಲ್ಲ ಮಾರುವವನು ಅವನೇ. ಹಿಂದೆ ಅರ್ಧ ಊರು ನಿಂತಿತ್ತು.

"ಸಾವಂತ್ರಕ್ಕಾರ, ಇದೊಂದ ಇದ್ರ ಸಾಕ್ರಿ," ಅಂದ. "ಗಾಜ ಇರ್ಲಿ, ಹಿಟ್ಟ ಇರ್ಲಿ, ಹಪ್ಪಳ ಇರ್ಲಿ, ಮ್ಯಾಲಿಂದ ಕೆಳಗಿನ ತನಕ ಕಾಲಿಗೆ ಗೊತ್ತಾಗಂಗಿಲ್ಲ."

"ಕಾಲಿಗೆ ಗೊತ್ತಾಗಂಗಿಲ್ಲಂದ್ರ ಅದು ಹಲಗಿ ಏನು ಹಾಸಿಗಿ?"

"ಇಳದ ನೋಡ್ರಿ, ಆಮ್ಯಾಲೆ ಬೈರಿ."

"ಯಾರು ಮಾಡ್ಯಾರ?"

"ಅದು ವ್ಯಾಪಾರದ ಗುಟ್ಟ್ರಿ. ನಿಮ್ಮ ಮುದ್ರಿ ಒಂದ ಬಿತ್ತಂದ್ರ ಮುಂದ ನಿಮಗೂ ತ್ರಾಸಿಲ್ಲ. ಎಲ್ಲಾದ್ರ ಮ್ಯಾಲೂ ಹೋಗೋ ಹಲಗಿ ಬಂದಿಂದ ವರ್ಷಾ ವರ್ಷಾ ಪರೀಕ್ಷಾ ಯಾತಕ್ಕ, ಅಲ್ರಿ? ಮನ್ಯಾಗ ಬೆಚ್ಚಗ ಇರ್ರಿ."

ಹಿಂದಿದ್ದವರು ತಲೆಯಾಡಿಸಿದರು. ಅವರ ಆಸೆ ನನಗೆ ತಿಳಿಯದ್ದೇ? ಕಲ್ಲಿನ ಮೇಲೆ ಕೂರುವುದು ತಪ್ಪುತ್ತದೆ, ಊಟವಾಯಿತೇ ಎಂದು ಕೇಳುವುದು ತಪ್ಪುತ್ತದೆ, ನನ್ನ ಮುಖ ನೋಡುವುದೂ ತಪ್ಪುತ್ತದೆ. ಮುದ್ರೆ ಒತ್ತಿದರೆ ಅದೇ ನನ್ನ ಕೊನೆಯ ಮುದ್ರೆ. ಒಂದು ಸಣ್ಣ ತಪ್ಪು ಸಿಕ್ಕರೂ ಈ ರೇಷ್ಮೆಯ ಹೆಣವನ್ನು ಸೀಳಿ ಹಾಕುತ್ತೇನೆಂದು ನಿಶ್ಚಯಿಸಿಕೊಂಡೇ ಬಾರು ಬಿಗಿದೆ.

ನೋಡಲು ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಮೂತಿ ಅಗಲ, ನಡು ಸಣ್ಣ, ಬಾಲ ಮತ್ತೆ ಸ್ವಲ್ಪ ಅಗಲ. ಎರಡು ಮರದ ಪದರಗಳ ನಡುವೆ ಏನೋ ಮೆತ್ತನೆಯದನ್ನು ಇಟ್ಟು ಅಂಟಿಸಿದ್ದರು. ಕೈಯಲ್ಲಿ ಬಗ್ಗಿಸಿದರೆ ಬಗ್ಗುತ್ತಿತ್ತು, ಬಿಟ್ಟರೆ ಸದ್ದಿಲ್ಲದೆ ಮರಳುತ್ತಿತ್ತು. ಇಳಿದೆ. ವಿರೂಪಣ್ಣನ ಗಾಜಿನ ಮೇಲೆ ಅಂಚು ಕಚ್ಚುವುದಿಲ್ಲವೆಂದು ಬೇಕೆಂದೇ ಓರೆಯಾಗಿ ಹೋದೆ. ಕಚ್ಚಿತು, ನಡುಕವೂ ಇಲ್ಲ. ಎದುರುಮನೆಯ ಹಿಟ್ಟಿಗೆ ನುಗ್ಗಿದೆ, ಮೂತಿ ಮುಳುಗಲಿಲ್ಲ. ಮಾಸ್ತರ ಮನೆ ಮುಂದಿನ ಹಪ್ಪಳ ನನ್ನ ಭಾರಕ್ಕೆ ಮುರಿಯಲೇಬೇಕು, ಆ ಮನುಷ್ಯ ಮುಚ್ಚಿಟ್ಟದ್ದು ಅಷ್ಟಿದೆ. ಮುರಿಯಿತೋ ಇಲ್ಲವೋ ಗೊತ್ತೇ ಆಗಲಿಲ್ಲ. ಮೂವತ್ತು ಮನೆ ಮುಗಿದರೂ ಬೈಯಲು ಒಂದು ನೆಪ ಸಿಗದೆ ನನ್ನ ಮೈಯೆಲ್ಲ ಉರಿಯತೊಡಗಿತು.

ಮೂವತ್ತೊಂದನೆಯದು ನಿಂಬೆವ್ವನ ಮನೆ. ನಿಂಬೆವ್ವ ನನ್ನ ಒಡಹುಟ್ಟಿದ ತಂಗಿ, ಹತ್ತು ವರ್ಷದಿಂದ ಮಾತಿಲ್ಲ. ಅವ್ವ ಸಾಯುವಾಗ ಮುದ್ರೆಯನ್ನು ನನ್ನ ಕೈಗೆ ಕೊಟ್ಟಳು. ನನ್ನ ಪಾದಕ್ಕಿಂತ ನಿಂಬೆವ್ವನ ಪಾದ ಸೂಕ್ಷ್ಮವೆಂದು ಊರೆಲ್ಲ ಹೇಳುತ್ತಿತ್ತು, ಅವಳೂ ಒಂದು ದಿನ ಹೇಳಿದಳು. ಹನ್ನೆರಡು ವರ್ಷ ನುಂಗಿಕೊಂಡಿದ್ದು ಆಮೇಲೆ ಹೇಳಿದಳು. ಹಿರಿಯಳಿಗೆ ಬಂದದ್ದನ್ನು ಕಂಡು ಹೊಟ್ಟೆ ಉರಿದುಕೊಂಡವಳ ಮನೆ ಮುಂದೆ ಗಾಜಲ್ಲದೆ ಮತ್ತೇನಿರುತ್ತದೆ? ಅಂದಿನಿಂದ ಪ್ರತಿ ಪರೀಕ್ಷೆಯಲ್ಲೂ ಬೀದಿಯ ಆಚೆ ಅಂಚು ಹಿಡಿದು ಅವಳ ಹಿಮ ಮುಟ್ಟದೆ ದಾಟಿದ್ದೇನೆ. ಈ ಸಲ ಮಾತ್ರ, ಊರಿನ ಅತಿ ಕೆಟ್ಟ ಗಾಜು ಅಲ್ಲೇ ಇರಬೇಕು, ಹಲಗೆ ಜಾರಿದರೆ ಅಲ್ಲೇ ಜಾರಬೇಕು ಎಂದು ಅವಳ ಬಾಗಿಲಿಗೇ ಹತ್ತಿಕೊಂಡು ಹೋದೆ. ಜಾರಲಿಲ್ಲ. ಏನೂ ಆಗಲಿಲ್ಲ. ಓಹೋ, ಇವಳು ನನ್ನನ್ನು ಮರೆತು ಸುಖವಾಗಿದ್ದಾಳೆ ಅಂದುಕೊಂಡೆ. ನಾಚಿಕೆಗೆಟ್ಟವಳು.

ತಿರುವಿನಲ್ಲಿ ಮುದ್ರೆಯ ಅಗ್ಗಿಷ್ಟಿಕೆ ಹೊತ್ತಿಸಿಕೊಂಡು ದುಂಡಪ್ಪನ ಆಳುಗಳು ಕಾಯುತ್ತಿದ್ದರು. "ಇನ್ನೂ ಜೋಡಿಳಿತ ಐತಿ," ಅಂದೆ. ಜೋಡಿಳಿತವೆಂದರೆ ಬಲಗಾಲಿಗೆ ಹೊಸ ಹಲಗೆ, ಎಡಗಾಲಿಗೆ ಅವ್ವನ ಹಳೆಯ ಹಲಗೆ ಕಟ್ಟಿಕೊಂಡು ಎರಡನೆಯ ಸಲ ಇಳಿಯುವುದು. ಅವ್ವನ ಹಲಗೆ ತೆಳ್ಳಗೆ ಸವೆದಿದೆ, ಇಳಿಯಲು ಅಂಥ ಸುಖದ್ದಲ್ಲ. ಆದರೆ ಕೆಳಗೆ ಒಂದು ಕೂದಲು ಬಿದ್ದಿದ್ದರೂ ಪಾದಕ್ಕೆ ಹೇಳುತ್ತದೆ.

ಮತ್ತೆ ತೊಟ್ಟಿಲು ಹತ್ತಿ ಮೇಲೆ ಹೋದೆ. ವಿಚಿತ್ರವಾದ ಇಳಿತ ಅದು. ಎಡಗಾಲು ಮನೆ ಮನೆಯ ಕಷ್ಟವನ್ನು ವರದಿ ಮಾಡುತ್ತಿತ್ತು, ಬಲಗಾಲು ನಿದ್ದೆ ಹೋದಂತೆ ಸುಮ್ಮನಿತ್ತು. ಹಾಗೇ ನಿಂಬೆವ್ವನ ಬಾಗಿಲಿಗೆ ಬಂದೆ. ಎಡ ಹಲಗೆಯನ್ನು ಕೆಳಗಿನಿಂದ ಯಾರೋ ಕೈ ಹಾಕಿ ಹಿಡಿದಂತಾಯಿತು. ಬಲದ್ದು ಏನೂ ತಿಳಿಯದೆ ಮುಂದೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬೀಳದ ನಾನು ಮುಖ ಅಡಿಯಾಗಿ ಬಿದ್ದೆ. ಬಾಯಿಗೆ ಬಂದದ್ದು ಗಾಜಲ್ಲ. ನೆನೆದ ಹಿಮ, ತೊಟ್ಟಿಕ್ಕುವಷ್ಟು ನೆನೆದದ್ದು. ಹತ್ತು ವರ್ಷದ ಹಿಮ ಅದು ಎಂದು ನಾಲಿಗೆಗೂ ಗೊತ್ತಾಯಿತು.

ಬಾಗಿಲು ತೆರೆಯಿತು. ನಿಂಬೆವ್ವ ಕೋಲೂರಿಕೊಂಡು ನಿಂತಿದ್ದಳು.

"ಬಿದ್ದೇನು?"

"ಇಲ್ಲ, ಕುಂತೀನಿ."

"ಒಳಗ ಬಂದ ಕುಂದರು. ಅಲ್ಲಿ ಹಸಿ ಐತಿ."

ಹೋಗಬಾರದೆಂದುಕೊಂಡೇ ಹೋದೆ. ಒಳಗೆಲ್ಲ ಮರದ ಹೊಟ್ಟು, ಅಂಟಿನ ವಾಸನೆ. ಗೋಡೆಗೆ ಅಗಲ ಮೂತಿಯ ಸಣ್ಣ ನಡುವಿನ ಹಲಗೆಯ ಅಚ್ಚು ಒರಗಿತ್ತು. ದುಂಡಪ್ಪನ ವ್ಯಾಪಾರದ ಗುಟ್ಟು ಅಲ್ಲಿ ಕೋಲು ಬದಿಗಿಟ್ಟು ನನಗೆ ಚಹಾ ಕಾಸುತ್ತಿತ್ತು.

"ನೀ ಮಾಡಿದ್ದೇನು ಇದನ್ನ?" ಅಂದೆ. "ನನ್ನ ಮುದ್ರಿ ಕಸಗೋಳಾಕ?"

"ನಿನ್ನ ಮುದ್ರಿ ಯಾರಿಗೆ ಬೇಕಾಗೈತಿ. ನನಗಂತ ಒಂದ ಜೋಡಿ ಮಾಡ್ಕೊಂಡಿದ್ದೆ. ದುಂಡಪ್ಪ ನೋಡಿ ಬೆನ್ನ ಹತ್ತಿದ."

"ನಿನಗ ಯಾತಕ್ಕ? ನಿನ್ನಂಥಾ ಪಾದದಾಕಿಗೆ ಏನೂ ತಿಳೀದ ಹಲಗಿ?"

ನಿಂಬೆವ್ವ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದಳು. ಮನೆ ಮುಂದಿನ ಹಿಮದ ಮಾತಾಡಬಾರದೆಂಬ, ಊರಿನಲ್ಲಿ ಯಾರೂ ಮುರಿಯದ ಕಟ್ಟನ್ನು ಆಮೇಲೆ ಮುರಿದಳು.

"ನಿನ್ನ ಮನಿ ಮುಂದ ಹಾದ ಹೋಗಾಕ."

ನನಗೆ ನಗು ಬಂತು. "ನನ್ನ ಮನಿ ಮುಂದ ಏನೈತಿ?"

"ನೀ ಒಮ್ಮಿನೂ ಇಳದಿಲ್ಲೇನು ಅಲ್ಲಿ?"

"ಪರೀಕ್ಷಾ ಮಾಡೋರ ಮನಿ ಮುಂದ ಪರೀಕ್ಷಾ ಇಲ್ಲ."

"ಆ ಕಟ್ಟಳಿ ಮಾಡಿದಾಕಿ ನಮ್ಮ ಅಜ್ಜಿ. ಆಕಿನೂ ಇಳದಿರಾಕಿಲ್ಲ."

ಅವಳು ಕುಂಟುತ್ತ ಮೂಲೆಗೆ ಹೋಗಿ ನಾಲ್ಕನೆಯ ಜೋಡಿಯನ್ನು ತಂದು ನನ್ನ ಮುಂದಿಟ್ಟಳು. ಮೊಂಡು ಮೂತಿ, ಹೊಟ್ಟೆಗೆ ಸಾಲು ಮೊಳೆ. "ಇದು ಯಾತಕ್ಕಂತ ಎಲ್ಲಾರನ್ನೂ ಕೇಳಿ ನಗತಿದ್ದೀಯಲ್ಲ," ಅಂದಳು. "ತಿರುವಿನ ಮ್ಯಾಲಿನ ಕಲ್ಲಿನ ಮ್ಯಾಲೆ ಕುಂತು ಇದನ್ನ ಕಟ್ಕೋತೀವಿ. ಇದನ್ನ ಕಟ್ಕೊಂಡ್ರೂ ಒಮ್ಮೊಮ್ಮಿ ಆಗಂಗಿಲ್ಲ. ಹೋದ ಚಳಿಗಾಲದಾಗ ಬಿದ್ದು ಮೊಣಕಾಲ ಹೋತು. ಕೂಗಿದೆ. ನೀ ಕಿಟಕಿ ಹಾಕ್ಕೊಂಡಿ."

ಮೊಳೆಗಳ ತುದಿ ಎಲ್ಲ ಸವೆದು ಹೋಗಿತ್ತು. ನಾನು ಅವನ್ನೇ ನೋಡುತ್ತಿದ್ದೆ. ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆಯಿಟ್ಟು ನನ್ನ ಕಿಟಕಿಯ ಮುಂದೆ ಹೋದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು.

"ಎಲ್ಲಾರ ಮನ್ಯಾಗೂ ಐತಿ ಇದು?"

"ಎಲ್ಲಾರ ಮನ್ಯಾಗೂ."

"ಯಾರೂ ಹೇಳಲಿಲ್ಲ."

"ನಿನಗ ಹೇಳೋ ಧೈರ್ಯ ಯಾರಿಗೈತಿ? ನೀನೂ ಅವರ ಮನಿ ಮಾತ ಎಲ್ಲೂ ಆಡಿಲ್ಲ. ಅದಕ್ಕ ಅವರೂ ಆಡಿಲ್ಲ."

ಚಹಾ ಕುಡಿಯಲಾಗಲಿಲ್ಲ. ಹೊರಗೆ ದುಂಡಪ್ಪ ಬಂದು ಕೂಗತೊಡಗಿದ್ದ, ಅಗ್ಗಿಷ್ಟಿಕೆ ಆರುತ್ತದೆ, ಮುದ್ರೆ ಒತ್ತುತ್ತೀರೋ ಸೀಳುತ್ತೀರೋ ಹೇಳಿರಿ ಎಂದು. ನನ್ನ ಅವಸ್ಥೆ ನೋಡಿ: ಸೀಳಬೇಕೆಂದು ಬೆಳಗಿನಿಂದ ನೆಪ ಹುಡುಕಿದವಳಿಗೆ ಈಗ ನೆಪ ಸಿಕ್ಕಿತ್ತು. ಬಿಕ್ಕುತ್ತಿರುವ ಮನೆಯ ಮುಂದೆಯೂ ಸುಖವಾಗಿ ದಾಟಿಸುವ ಹಲಗೆಯನ್ನು ಯಾವ ಮುಖದಿಂದ ಒಪ್ಪಲಿ? ಆದರೆ ಸೀಳಿದರೆ, ಊರಿನಲ್ಲಿ ನನ್ನ ಬಾಗಿಲನ್ನು ದಾಟಲು ನಿಂಬೆವ್ವನ ಮುರಿದ ಮೊಣಕಾಲಿಗೆ ಇದ್ದ ಒಂದೇ ದಾರಿ ಹೋಗುತ್ತಿತ್ತು. ಒಪ್ಪಿದರೆ ನನ್ನ ಬಾಗಿಲ ಮುಂದಿನದು ಹಾಗೇ ಇರುತ್ತಿತ್ತು, ಮತ್ತೆ ಯಾರಿಗೂ ತಾಗುತ್ತಿರಲಿಲ್ಲ, ನನಗಂತೂ ಎಂದೂ ತಾಗುತ್ತಿರಲಿಲ್ಲ.

ಹೊರಗೆ ಬಂದು ಬಾರು ಬಿಗಿದೆ. ಬಲಗಾಲಿಗೆ ಹೊಸದು, ಎಡಗಾಲಿಗೆ ಅವ್ವನದು.

"ಬೀದಿ ಇನ್ನೂ ಮುಗದಿಲ್ಲ," ಅಂದೆ.

ನಿಂಬೆವ್ವ ನಾಲ್ಕನೆಯ ಜೋಡಿಯನ್ನು ಹಿಡಿದು ಹೊಸ್ತಿಲಿಗೆ ಬಂದಳು. "ಅಕ್ಕ, ಇದನ್ನ ಕಟ್ಕೊಂಡ ಹೋಗು." ಹತ್ತು ವರ್ಷದ ಮೇಲೆ ಅವಳ ಬಾಯಲ್ಲಿ ಆ ಮಾತು ಕೇಳಿದೆ. ಕಣ್ಣು ತುಂಬಿತು, ಮುಚ್ಚುಮರೆ ಯಾಕೆ. ಬೇಡವೆಂದು ತಲೆಯಾಡಿಸಿ ಹೊರಟೆ.

ತಿರುವಿನಲ್ಲಿ ನಿಲ್ಲಲಿಲ್ಲ. ಮೆಟ್ಟಿಲ ಕಡೆಗೆ ಹೊರಳಲಿಲ್ಲ. ಹಿಂದೆ ದುಂಡಪ್ಪ ಏನೋ ಕೂಗಿದ, ಬೇರೆಯವರೂ ತಿರುವಿನ ಕಡೆಗೆ ಇಳಿದು ಬಂದರು. ನನ್ನ ಮನೆಯ ಗೋಡೆ ಶುರುವಾದಲ್ಲಿ ಬಲಗಾಲು ಎಂದಿನಂತೆ ಸುಮ್ಮನೆ ಸಾಗಿತು. ಎಡಗಾಲು ಹೇಳತೊಡಗಿತು. ಮೊದಲು ಗಾಜು, ವಿರೂಪಣ್ಣನದಕ್ಕಿಂತ ಕರಿಯದು. ಅದರ ಮೇಲೆ ಗಾಳಿ ಕಡೆದ ಏಣುಗಳು, ಒಂದೊಂದೂ ಕತ್ತಿಯಂತೆ ಮೇಲಕ್ಕೆ ಮುಖ ಮಾಡಿಕೊಂಡವು. ಆಮೇಲೆ ಹಪ್ಪಳ. ಅದು ಮುರಿಯಿತು, ಕೆಳಗೆ ಪೊಳ್ಳು, ಪೊಳ್ಳಿನ ಕೆಳಗೆ ಮತ್ತೆ ಗಾಜು. ಹಿಟ್ಟೊಂದು ಬಿಟ್ಟು ಹತ್ತೂ ಬಗೆ ಮೂವತ್ತು ಹೆಜ್ಜೆಯೊಳಗೆ ಸೇರಿಕೊಂಡಿದ್ದವು. ಸಂಕಟದ ಮನೆಯ ಒದ್ದೆ ಹಿಮವೂ ಇತ್ತು, ಎಲ್ಲದಕ್ಕಿಂತ ಕೆಳಗೆ, ಮುಂಬಾಗಿಲಿಗೆ ಹತ್ತಿಕೊಂಡು. ಅದು ಎಡಗಾಲನ್ನು ಹಿಡಿದುಕೊಂಡಿತು. ಬಲಗಾಲು ಹೋಗುತ್ತಲೇ ಇತ್ತು. ನನ್ನ ಹೊಸ್ತಿಲ ಮುಂದೆಯೇ ಎರಡನೆಯ ಸಲ ಬಿದ್ದೆ, ಸೊಂಟದವರೆಗೆ ಹೂತುಹೋದೆ, ಏಳಲಾಗಲಿಲ್ಲ.

ದುಂಡಪ್ಪ ತಿರುವಿನಿಂದಲೇ ಕೇಳಿದ. "ಸಾವಂತ್ರಕ್ಕಾರ, ಮುದ್ರಿ?"

"ಸೀಳು," ಅಂದೆ. "ಹಲಗಿ ಭೇಷ್ ಐತಿ, ಅದರ ತಪ್ಪೇನಿಲ್ಲ. ಆದ್ರ ಏನೂ ಹೇಳಂಗಿಲ್ಲ. ಸೀಳು."

"ನಾ ಪೇಟಿಗೆ ಹೆಂಗ ಹೋಗ್ಲಿ?" ಅದು ನಿಂಬೆವ್ವನ ದನಿ. ಯಾರದೋ ಹೆಗಲು ಹಿಡಿದು ತಿರುವಿನವರೆಗೆ ಇಳಿದು ಬಂದಿದ್ದಳು.

"ಮೆಟ್ಟಲ ಇಳದ ಹಿತ್ತಲ ಬಾಗಲಕ್ಕ ಬಾ. ನಮ್ಮ ಮನಿ ಒಳಗ ಹಾದ ಹೋಗು. ದಿನಾ ಹೋಗು."

ಅವಳು ಕಲ್ಲಿನ ಮೇಲೆ ಕುಳಿತು ಬಾರು ಕಟ್ಟಿಕೊಳ್ಳತೊಡಗಿದಳು. ಬೇರೆಯವರೂ ಕೂತರು, ಜಾಗ ಸಿಗದವರು ನಿಂತೇ ಕಟ್ಟಿಕೊಂಡರು. ವಿರೂಪಣ್ಣ ಬಂದ, ಮಾಸ್ತರು ಬಂದರು, ಎದುರುಮನೆಯ ಹೊಸ ಹುಡುಗಿ ಸೆರಗು ಸಿಕ್ಕಿಸಿಕೊಂಡು ಬಂದಳು. ಎಲ್ಲರ ಕಾಲಲ್ಲೂ ನಾಲ್ಕನೆಯ ಜೋಡಿ. ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆಯೂರಿ, ಒಬ್ಬರ ತೋಳು ಒಬ್ಬರು ಹಿಡಿದು ನನ್ನ ಕಡೆಗೆ ಇಳಿಯುತ್ತಿದ್ದರು. ಇಪ್ಪತ್ತೆರಡು ವರ್ಷ ನಾನು ಹೀಯಾಳಿಸಿದ ಇಡೀ ಊರು, ಸೊಂಟದವರೆಗೆ ನನ್ನದೇ ಹಿಮದಲ್ಲಿ ಹೂತಿದ್ದ ನನ್ನನ್ನು ನೋಡುತ್ತಿತ್ತು. ಯಾರೂ ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ.